ಸಂತೆ ಚೀಲ, ಕಾಫಿ ಹೂ, ಮುಕ್ಕಾಲು ಗಂಟೆ

2025 ಮಾರ್ಚ್ 28, ಶುಕ್ರವಾರ, ರಾತ್ರಿ 10.40

ಮಕ್ಕಳಿಬ್ಬರೂ ಮಲಗಿದ್ದಾರೆ. ಹಬ್ಬದ ರವಿಕೆ ಐದು ಬಾಕಿ ಇವೆ, ಒಂದಕ್ಕೂ ಹುಕ್ ಹಾಕಿಲ್ಲ. ನಾಡಿದ್ದೇ ಯುಗಾದಿ. ಆದರೂ ಮೊದಲು ಇದನ್ನು ಬರೆದು ಆಮೇಲೆ ಮೆಷಿನ್ ಮುಂದೆ ಕೂರುತ್ತೇನೆ.

ಇವತ್ತು ನಾವಿಬ್ಬರೇ ಹೊರಗೆ ಹೋಗಿದ್ದೆವು.

ಎಲ್ಲಿಗೆ ಅಂದರೆ ಸಂತೆಗೆ. ನಮ್ಮ ಮಡಿಕೇರಿಯ ಶುಕ್ರವಾರದ ಸಂತೆಗೆ ನಾನು ವಾರವಾರವೂ ಹೋಗುತ್ತೇನೆ, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಚಿಕ್ಕವನು. ಇವತ್ತು ಪಕ್ಕದ ಮನೆ ಅಕ್ಕ ಮಕ್ಕಳನ್ನು ಇಟ್ಟುಕೊಂಡರು. ಮಂಗಳವಾರ ಅವರ ಇಬ್ಬರು ಹುಡುಗರನ್ನು ನಾನು ನೋಡಿಕೊಂಡಿದ್ದೆ. ಆವತ್ತು ಅವರು ಗಂಡನ ಜೊತೆ ಓಂಕಾರೇಶ್ವರಕ್ಕೆ ಹೋಗಿ, ಕೊಳದ ಮೆಟ್ಟಿಲ ಮೇಲೆ ಒಂದು ಗಂಟೆ ಕೂತು, ಮೀನು ನೋಡಿ ಬಂದರಂತೆ. ಅಷ್ಟೇ. ಆದರೆ ಬರುವಾಗ ಅಕ್ಕನ ಮುಖ ನೋಡಬೇಕಿತ್ತು! 1820ರಲ್ಲಿ ಕೊಡಗಿನ ರಾಜ ಲಿಂಗರಾಜ ಕಟ್ಟಿಸಿದ ಗುಡಿ, ಊರಲ್ಲೇ ಇದೆ, ದಿನಾ ಅದರ ಗುಮ್ಮಟ ನೋಡಿಕೊಂಡೇ ಓಡಾಡುತ್ತೇವೆ. ಅಲ್ಲಿ ಸುಮ್ನೆ ಕೂರುವುದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ ಅಂತ ನಮಗೇ ನೆನಪಿರಲಿಲ್ಲ.

ಹೋದ ತಿಂಗಳು ನಮ್ಮ ಮದುವೆಯ ವಾರ್ಷಿಕೋತ್ಸವದ ದಿನ ಹೋಟೆಲಿಗೆ ಹೋಗಿದ್ದು ನೆನಪಾದರೆ ಈಗಲೂ ಬೇಜಾರು. ಬಿಲ್ಲು 1,460 ರೂಪಾಯಿ. ಚಿಕ್ಕವನು ಸೂಪ್ ಚೆಲ್ಲಿದ, ದೊಡ್ಡವಳು ನೂಡಲ್ಸ್ ಖಾರ ಅಂತ ಅತ್ತಳು. ನಾನು ಒಬ್ಬನ ಬಾಯಿ ಒರೆಸುವಷ್ಟರಲ್ಲಿ ಇವರು ಇನ್ನೊಬ್ಬಳನ್ನು ಎತ್ತಿಕೊಂಡು ಹೊರಗೆ ಹೋದರು. ಆ ಎರಡು ಗಂಟೆಯಲ್ಲಿ ನಾವು ಒಬ್ಬರಿಗೊಬ್ಬರು ಆಡಿದ ಮಾತು "ಟಿಶ್ಯೂ ಕೊಡಿ". ಮಕ್ಕಳ ತಪ್ಪಲ್ಲ. ರಾತ್ರಿ ಎಂಟೂವರೆಗೆ ನಿದ್ದೆ ಬರುವ ಮಕ್ಕಳನ್ನು ಹಾಗೆ ಕೂರಿಸಿದ್ದು ನಮ್ಮ ತಪ್ಪು.

ಶನಿವಾರ ಭಾನುವಾರ ನಮಗಿಲ್ಲ. ಇವರ ಜೀಪು ಆಗ ಪ್ರವಾಸಿಗರನ್ನು ಕೂರಿಸಿಕೊಂಡು ಬೆಳಗಿನ ಜಾವವೇ ಮಾಂದಲಪಟ್ಟಿ ಬೆಟ್ಟ ಹತ್ತಬೇಕು. ಮಕ್ಕಳ ಪರೀಕ್ಷೆ ಮುಗಿದರೆ ಇನ್ನೂ ಜಾಸ್ತಿ ಬಾಡಿಗೆ, ಅದು ಬೇಕು ಕೂಡ, ಮಳೆಗಾಲದಲ್ಲಿ ಜೀಪು ನಿಂತಾಗ ಈ ದುಡ್ಡೇ ಊಟ. ಹಾಗಾಗಿ ನಮಗೆ ಸಿಗುವುದು ಇಂಥ ವಾರದ ನಡುವಿನ ಮಧ್ಯಾಹ್ನ, ಅದೂ ಯಾರಾದರೂ ಮಕ್ಕಳನ್ನು ನೋಡಿಕೊಂಡರೆ.

ಸಂತೆಯಲ್ಲಿ ಬೇವಿನ ಹೂವು, ಬೆಲ್ಲ, ಗಾಂಧಾರಿ ಮೆಣಸು ತಗೊಂಡೆವು. ಅರ್ಧ ಗಂಟೆಯಲ್ಲಿ ಮುಗಿಯಿತು. ಮಕ್ಕಳಿಲ್ಲದಿದ್ದರೆ ಸಂತೆ ಎಷ್ಟು ಬೇಗ ಮುಗಿಯುತ್ತದೆ ಅಂತ ನನಗೆ ಆಶ್ಚರ್ಯ. ಇವರು ಸ್ಕೂಟರ್ ಸ್ಟಾರ್ಟ್ ಮಾಡಿ, "ಇನ್ನೂ ಮುಕ್ಕಾಲು ಗಂಟೆ ಇದೆಯಲ್ಲ ಮಾರಾಯ್ತಿ, ಚೆಟ್ಟಳ್ಳಿ ರಸ್ತೆಯಲ್ಲಿ ಸ್ವಲ್ಪ ಇಳಿದು ಬರೋಣ" ಅಂದರು. 20 ರೂಪಾಯಿಗೆ ಹುರಿದ ಕಡಲೆಕಾಯಿ ತಗೊಂಡು ಹೊರಟೆವು.

ಕೆಳಗೆ ಒಂದು ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಟ್ಟಿದ್ದರು ಅಂತ ಕಾಣುತ್ತದೆ, ಗಿಡ ಪೂರ್ತಿ ಬಿಳಿ. ತಿರುವು ದಾಟುವ ಮೊದಲೇ ವಾಸನೆ ಬಂತು, ಮಲ್ಲಿಗೆಯ ಹಾಗೇ ಆದರೆ ಇನ್ನೂ ದಟ್ಟ. ಸ್ಕೂಟರ್ ನಿಲ್ಲಿಸಿ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತೆವು. ಹೂ ಬಿಟ್ಟಾಗ ತೋಟದ ಒಳಗೆ ಇಳಿಯಬಾರದು, ಜೇನು ಕೆಲಸ ಮಾಡುವ ಹೊತ್ತು ಅಂತ ಅಪ್ಪ ಹೇಳುತ್ತಿದ್ದರು. ಗೆಣ್ಣುಗೆಣ್ಣಿಗೂ ಹೂವಿನ ಗೊಂಚಲು, ಅದರಲ್ಲಿ ಒಂದೊಂದು ಹೂವಿಗೂ ತೆಳ್ಳಗಿನ ಎಸಳು, ನಡುವೆ ಎದ್ದು ನಿಂತ ಕೇಸರ. ಎರಡು ಮೂರು ದಿನ ಇರುತ್ತದೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಉದುರುತ್ತದೆ. ನಮಗೆ ಇವತ್ತು ಸಿಕ್ಕಿತು.

ಕಡಲೆಕಾಯಿ ಸುಲಿಯುತ್ತಾ ಇವರು ಇದ್ದಕ್ಕಿದ್ದ ಹಾಗೆ ಹೇಳಿದರು, "ಮೊನ್ನೆ ವಯಸ್ಸಾದ ಗಂಡ ಹೆಂಡತಿ ಬಂದಿದ್ದರು. ಮೇಲೆ ಹೋದ ಮೇಲೆ ಆ ಅಜ್ಜಿ ಕೇಳಿದರು, ನಿಮ್ಮ ಮನೆಯವರಿಗೆ ಈ ಜಾಗ ಇಷ್ಟಾನಾ ಅಂತ."

"ನೀವೇನು ಹೇಳಿದ್ರಿ?"

"ಇಷ್ಟ ಅಂದೆ." ಸ್ವಲ್ಪ ಹೊತ್ತು ಬಿಟ್ಟು, "ಸುಳ್ಳು ಹೇಳಿದೆ. ನೀನು ನೋಡೇ ಇಲ್ಲ ಅಲ್ವಾ?"

ಹೌದು, ಮಾಂದಲಪಟ್ಟಿ ನಾನು ನೋಡಿಲ್ಲ. ಇಲ್ಲಿಂದ ಸುಮಾರು 25 ಕಿಲೋಮೀಟರ್. ಇವರು ಸೀಸನ್‌ನಲ್ಲಿ ದಿನಕ್ಕೆ ಎರಡು ಸಲ ಹತ್ತುತ್ತಾರೆ, ಬೇರೆ ಊರಿನ ಗಂಡ ಹೆಂಡತಿಯರನ್ನು ಕೂರಿಸಿಕೊಂಡು, ಅವರ ಫೋಟೋ ತೆಗೆದುಕೊಟ್ಟು ಬರುತ್ತಾರೆ. ಮದುವೆಯಾದ ವರ್ಷ, 2018ರಲ್ಲಿ, ಕರೆದುಕೊಂಡು ಹೋಗಿ ಅಂದಿದ್ದೆ. ಮಳೆ ಮುಗಿಯಲಿ ಅಂದರು. ಆಗಸ್ಟ್‌ನಲ್ಲಿ ಆ ಕಡೆಯ ಗುಡ್ಡಗಳೇ ಜಾರಿದವು. ಮಕ್ಕಂದೂರು, ಹೆಬ್ಬೆಟ್ಟಗೇರಿ, ದೇವಸ್ತೂರು, ಒಂದೊಂದೇ ಹೆಸರು ಕೇಳುತ್ತಾ ರಾತ್ರಿ ಇಡೀ ಎದ್ದಿದ್ದೆವು. ಆಮೇಲೆ ದೊಡ್ಡವಳು ಹುಟ್ಟಿದಳು, ಕೊರೊನಾ ಬಂತು, ಚಿಕ್ಕವನು ಬಂದ. ನಾನು ಮತ್ತೆ ಕೇಳಲಿಲ್ಲ, ಅವರ ಕೆಲಸದ ಜಾಗಕ್ಕೆ ಅವರನ್ನೇ ಕರೆದುಕೊಂಡು ಹೋಗಿ ಅನ್ನುವುದು ಹೇಗೆ ಅಂತ.

"ನೀನು ಕೇಳಬಹುದಿತ್ತು" ಅಂದರು.

"ನೀವು ಹೇಳಬಹುದಿತ್ತು" ಅಂದೆ.

ಆಮೇಲೆ ಇಬ್ಬರೂ ಸುಮ್ಮನಾದೆವು. ಜಗಳ ಅಲ್ಲ. ಆದರೆ ನನಗೆ ಕಣ್ಣು ತುಂಬಿ ಬಂತು, ಅದನ್ನು ಇವರು ನೋಡಿದರು, ಕಡಲೆಕಾಯಿ ಪೊಟ್ಟಣ ನನ್ನ ಕಡೆ ತಳ್ಳಿದರು. ಸಿಪ್ಪೆ ತೆಗೆದ ಬೀಜಗಳನ್ನೆಲ್ಲ ಒಂದು ಮೂಲೆಯಲ್ಲಿ ನನಗೇ ಅಂತ ಇಟ್ಟಿದ್ದರು.

ಎಷ್ಟು ದಿನದಿಂದ ಇಂಥ ಒಂದು ಮಾತು ಆಗಿರಲಿಲ್ಲ! ಮನೆಯಲ್ಲಿ ಗ್ಯಾಸ್ ಬುಕ್ ಮಾಡಿದ್ಯಾ, ಫೀಸ್ ಕಟ್ಟಿದ್ರಾ, ಅತ್ತೆಯ ಮಂಡಿಗೆ ಎಣ್ಣೆ ತಂದ್ರಾ, ಇಷ್ಟೇ. ಅವೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಅಜ್ಜಿ ಕೇಳಿದ ಮಾತು ಇವರ ಮನಸ್ಸಿನಲ್ಲಿ ಎಷ್ಟೋ ದಿನದಿಂದ ಇತ್ತಲ್ಲ, ಅದನ್ನು ಹೇಳುವುದಕ್ಕೆ ಮನೆಯಲ್ಲಿ ಜಾಗವೇ ಇರಲಿಲ್ಲ.

ಮಳೆಗಾಲದಲ್ಲಿ ಮಾತ್ರ ಸ್ವಲ್ಪ ಸಿಗುತ್ತದೆ. ಕರೆಂಟ್ ಹೋದ ರಾತ್ರಿ, ಮಕ್ಕಳು ಬೇಗ ಮಲಗಿರುತ್ತಾರೆ, ನಾವು ಒಲೆ ಮುಂದೆ ಕೂತು ಹಲಸಿನ ಬೀಜ ಸುಟ್ಟು ತಿನ್ನುತ್ತೇವೆ. ಬೇಸಿಗೆಯಲ್ಲಿ ಅದಕ್ಕೆ ಏನು ಮಾಡುವುದು ಅಂತ ಹೊಳೆದಿರಲಿಲ್ಲ. ಇನ್ನು ಮೇಲೆ ತಿಂಗಳಿಗೆ ಎರಡು ಸಲ ಅಕ್ಕನ ಮಕ್ಕಳು ನಮ್ಮಲ್ಲಿ, ಎರಡು ಸಲ ನಮ್ಮ ಮಕ್ಕಳು ಅಲ್ಲಿ, ಇದನ್ನು ಬಿಡಬಾರದು. ಸಂತೆಗಾದರೂ ಸರಿ, ರೇಷನ್ ತರುವುದಕ್ಕಾದರೂ ಸರಿ.

ವಾಪಸ್ ಬರುವಾಗ ಹತ್ತು ನಿಮಿಷ ತಡವಾಯಿತು. ಅಕ್ಕನ ಜಗಲಿಯಲ್ಲಿ ದೊಡ್ಡವಳು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು, "ನಮ್ಮನ್ನು ಬಿಟ್ಟು ಏನು ತಿಂದ್ರಿ?" ಜೇಬಲ್ಲಿ ಉಳಿದಿದ್ದ ನಾಲ್ಕು ಕಡಲೆಕಾಯಿ ಕೊಟ್ಟೆವು.

ಮಂಗಳವಾರ ಜೀಪಿಗೆ ಇನ್ನೂ ಬಾಡಿಗೆ ಬಂದಿಲ್ಲವಂತೆ. ಬಂದರೂ ಬೇರೆಯವರಿಗೆ ಕೊಡುತ್ತೇನೆ, ಬೆಳಿಗ್ಗೆ ಐದಕ್ಕೆ ಹೊರಟರೆ ಒಂಬತ್ತಕ್ಕೆ ಮನೆಯಲ್ಲಿ ಇರುತ್ತೇವೆ ಅಂದರು. ಅಷ್ಟು ಬೆಳಿಗ್ಗೆ ಅಕ್ಕನನ್ನು ಎಬ್ಬಿಸುವುದು ಹೇಗೆ, ಅತ್ತೆ ಒಬ್ಬರೇ ಇಬ್ಬರನ್ನು ನಿಭಾಯಿಸುತ್ತಾರಾ, ಚಿಕ್ಕವನು ಎದ್ದ ಕೂಡಲೇ ನನ್ನನ್ನೇ ಹುಡುಕುತ್ತಾನೆ. ಸ್ವೆಟರ್ ಎಲ್ಲಿಟ್ಟಿದ್ದೇನೋ, ಮೇಲೆ ಚಳಿ ಇರುತ್ತದಂತೆ, ಅದನ್ನು ಮೊದಲು ನೋಡಬೇಕು. ಚಿಕ್ಕವನು ಕೆಮ್ಮುತ್ತಿದ್ದಾನೆ, ತಡೀರಿ