ಕೆಂಪು-ಕಪ್ಪು ಬೆಝೆಲ್‌ಗಾಗಿ ಕಾದು ಕೂತ ದಿನ

2025ರ ಏಪ್ರಿಲ್ 1, ಮಂಗಳವಾರ. ಜಿನೀವಾದಲ್ಲಿ 'ವಾಚಸ್ ಅಂಡ್ ವಂಡರ್ಸ್' ಮೇಳ ಶುರುವಾಗುವ ದಿನ. ವಾಚಿನ ಹುಚ್ಚು ಹಿಡಿದವರಿಗೆ ಅದು ರಿಸಲ್ಟ್ ಬರುವ ದಿನ ಇದ್ದ ಹಾಗೆ. ಹಿಂದಿನ ರಾತ್ರಿ ನಾನು, ನನ್ನ ಗೆಳೆಯ ಇಬ್ಬರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಈ ಸಲ ಏನು ಬರಬೇಕು, ಏನು ಬರುತ್ತೆ ಅಂತ ಇಬ್ಬರೂ ಒಂದೊಂದು ಪಟ್ಟಿ ಬರೆದಿಟ್ಟುಕೊಂಡಿದ್ದೆವು. ಅವನ ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು: "ಕೋಕ್."

ರೋಲೆಕ್ಸ್‌ನ 'ಜಿಎಂಟಿ-ಮಾಸ್ಟರ್ II' ಅನ್ನೋ ಮಾದರಿಯಲ್ಲಿ ಕೆಂಪು-ಕಪ್ಪು ಬೆಝೆಲ್, ಅಂದರೆ ಡಯಲ್ ಸುತ್ತಲಿನ ಬಳೆ, ಇರುವ ವಾಚಿಗೆ ಜನ ಇಟ್ಟ ಹೆಸರು ಅದು. 1983ರಲ್ಲಿ ಬಂತು, 2007ರ ಹೊತ್ತಿಗೆ ನಿಂತುಹೋಯಿತು. ಆಮೇಲೆ ಬೆಝೆಲ್‌ಗಳು ಸೆರಾಮಿಕ್ ಆದವು. 2013ರಲ್ಲಿ ನೀಲಿ-ಕಪ್ಪು ಬಂತು, 2014ರಲ್ಲಿ ಕೆಂಪು-ನೀಲಿ ಬಂತು, ಕೆಂಪು-ಕಪ್ಪು ಮಾತ್ರ ಅಲ್ಲಿಯವರೆಗೂ ಬಂದಿರಲೇ ಇಲ್ಲ. ಸೆರಾಮಿಕ್‌ನಲ್ಲಿ ಕೆಂಪು ಬಣ್ಣ ತರಿಸೋದೇ ಕಷ್ಟ, ಅದರಲ್ಲೂ ಒಂದೇ ಬಳೆಯಲ್ಲಿ ಎರಡು ಬಣ್ಣ. ಅದಕ್ಕೇ ಪ್ರತಿ ವರ್ಷ ಮೇಳ ಹತ್ತಿರ ಬಂದಾಗ "ಈ ವರ್ಷ ಗ್ಯಾರಂಟಿ" ಅನ್ನೋ ಮಾತು ಶುರುವಾಗುತ್ತಿತ್ತು. ಗೆಳೆಯ ಇದನ್ನು ನಂಬಿಕೊಂಡು ಎಷ್ಟೋ ವರ್ಷ ಕಾದಿದ್ದ.

ನನ್ನ ಪಟ್ಟಿ ಉದ್ದ ಇತ್ತು. ತೆಳ್ಳಗಿರಬೇಕು, 36 ಮಿಲಿಮೀಟರ್ ಸುತ್ತಮುತ್ತ ಇರಬೇಕು, ತಾರೀಕಿನ ಕಿಂಡಿ ಬೇಡ, ಡಯಲ್ ಮೇಲೆ ಅಕ್ಷರ ಕಮ್ಮಿ ಇರಬೇಕು, ಹೀಗೆ.

ಬೆಳಿಗ್ಗೆ ಚಿತ್ರಗಳು ಬಂದವು. ಕೋಕ್ ಇಲ್ಲ. ರೋಲೆಕ್ಸ್‌ನಿಂದ ಬಂದದ್ದು ಲ್ಯಾಂಡ್-ಡ್ವೆಲ್ಲರ್ ಅನ್ನೋ ಹೊಸ ವಾಚು. ಕೇಸು, ಚೈನು ಒಂದೇ ಅಚ್ಚಿನಿಂದ ಇಳಿದ ಹಾಗೆ ಸೇರಿಕೊಂಡಿವೆ, ಚಪ್ಪಟೆ ಕೊಂಡಿಗಳು, ಜೇನುಗೂಡಿನ ಕೆತ್ತನೆ ಇರುವ ಡಯಲ್, ಮೂರು ಗಂಟೆಯ ಜಾಗದಲ್ಲಿ ತಾರೀಕು, ಅದರ ಮೇಲೆ ತಾರೀಕನ್ನು ದೊಡ್ಡದು ಮಾಡಿ ತೋರಿಸುವ ಆ ಉಬ್ಬು ಗಾಜು. ಗೆಳೆಯ ಫೋನ್ ಮಾಡಿದವನು ಹಲೋ ಕೂಡ ಅನ್ನಲಿಲ್ಲ. "ಏನೋ ಇದು? ಎಪ್ಪತ್ತರ ದಶಕದ ಚೈನಿಗೆ ಹೊಸ ಹೆಸರು ಇಟ್ಟಿದಾರೆ ಅಷ್ಟೆ" ಅಂದ. ನನಗೂ ಹಾಗೇ ಅನ್ನಿಸಿತ್ತು. ಕೇಸಿಗೇ ಸೇರಿಕೊಂಡ ಇಂಥ ಚೈನಿನ ವಾಚುಗಳಲ್ಲಿ 1972ರಲ್ಲಿ ಓಡೆಮಾರ್ ಪಿಗೆ ಕಂಪನಿಯ ರಾಯಲ್ ಓಕ್ ಬಂತು, 1976ರಲ್ಲಿ ಪಾಟೆಕ್ ಫಿಲಿಪ್‌ನ ನಾಟಿಲಸ್ ಬಂತು, ಎರಡನ್ನೂ ಗೀಚಿದ್ದು ವಾಚ್ ಡಿಸೈನರ್ ಜೆರಾಲ್ಡ್ ಜೆಂಟಾ. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದಿದ್ದಾರೆ, ಇವರೂ ಹಿಡಿದರು ಅಂತ ನಾನೂ ಹೂಂಗುಟ್ಟಿದೆ. ಚಿತ್ರ ನೋಡಿ ಎರಡು ನಿಮಿಷಕ್ಕೆ ತೀರ್ಪು ಕೊಟ್ಟು ಮುಗಿಸಿದ್ದೆವು.

ಮಧ್ಯಾಹ್ನ ವಿವರ ಓದುತ್ತಾ ಕೂತಾಗ ಒಂದು ಸಾಲಿನಲ್ಲಿ ಕಣ್ಣು ನಿಂತಿತು. ಗಂಟೆಗೆ 36,000 ಬಡಿತ, ಪೂರ್ತಿ ಕೀ ಕೊಟ್ಟರೆ 66 ಗಂಟೆ ಓಡುತ್ತೆ. ಅವರ ಬೇರೆ ವಾಚುಗಳು 28,800 ಬಡಿತದವು. ಸೆಕೆಂಡಿಗೆ ಎಂಟು ಸಲ ಬಡಿಯುತ್ತಿದ್ದದ್ದು ಹತ್ತು ಸಲ ಬಡಿಯುತ್ತೆ ಅಂದ್ರೆ ಸ್ಪ್ರಿಂಗಿನ ಶಕ್ತಿ ಬೇಗ ಖರ್ಚಾಗಬೇಕು ತಾನೆ? ಮತ್ತೆ 66 ಗಂಟೆ ಎಲ್ಲಿಂದ ಬಂತು? ಮುಂದೆ ಓದಿದೆ. ಒಳಗಿನ ಎಸ್ಕೇಪ್‌ಮೆಂಟೇ, ಅಂದರೆ ಸ್ಪ್ರಿಂಗಿನ ಶಕ್ತಿಯನ್ನು ಬಡಿತಕ್ಕಿಷ್ಟು ಅಂತ ಬಿಡುವ ಭಾಗವೇ ಹೊಸದು, ಹೆಸರು ಡೈನಾಪಲ್ಸ್. ಈ ಒಂದು ವಾಚಿಗೆ 32 ಪೇಟೆಂಟ್ ಅರ್ಜಿ ಹಾಕಿದ್ದಾರೆ.

ಎಸ್ಕೇಪ್‌ಮೆಂಟ್ ಅನ್ನೋ ಪದ ನಾನು ಸಾವಿರ ಸಲ ಬಳಸಿದ್ದೇನೆ. ಆದರೆ ಕಣ್ಣಿಟ್ಟು ನೋಡಿದ್ದು ಆವತ್ತು ಸಂಜೆಯೇ.

ಅಪ್ಪನ ಹಳೆಯ ಕೀ ಕೊಡುವ ವಾಚು ನನ್ನ ಹತ್ತಿರ ಇದೆ. ಹಿಂದಿನ ಮುಚ್ಚಳ ತೆಗೆದು, ಟೇಬಲ್ ಲ್ಯಾಂಪ್ ಕೆಳಗೆ ಬಿಳಿ ಕಾಗದದ ಮೇಲಿಟ್ಟು, ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಹಾಕಿಕೊಂಡು ಬಗ್ಗಿದೆ. ಮೊದಲು ಕಾಣೋದು ಬ್ಯಾಲೆನ್ಸ್ ಚಕ್ರ, ಹಿಂದಕ್ಕೂ ಮುಂದಕ್ಕೂ ತಿರುಗುತ್ತಾ ಇರುತ್ತೆ, ಅದರ ನಡುವೆ ಹೇರ್‌ಸ್ಪ್ರಿಂಗ್ ಉಸಿರಾಡಿದ ಹಾಗೆ ಅಗಲವಾಗಿ ಮುದುಡುತ್ತೆ. ನಾನು ಹುಡುಕುತ್ತಿದ್ದದ್ದು ಅದರ ಕೆಳಗಿನದು. ವಾಚನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತೆ. ಕವಲೊಡೆದ ಒಂದು ಚಿಕ್ಕ ಲೋಹದ ತುಂಡು, ಅದರ ಎರಡು ತುದಿಯಲ್ಲಿ ಎರಡು ಕೆಂಪು ಮಾಣಿಕ್ಯದ ಚೂರು. ಪಕ್ಕದ ಹಲ್ಲಿನ ಚಕ್ರ ಮುಂದೆ ಹೋಗಬೇಕು ಅನ್ನುತ್ತೆ, ಒಂದು ಕೆಂಪು ಕಲ್ಲು ಅಡ್ಡ ಬರುತ್ತೆ. ಟಿಕ್. ಬ್ಯಾಲೆನ್ಸ್ ಬಂದು ಆ ತುಂಡನ್ನು ತಳ್ಳುತ್ತೆ, ಹಲ್ಲು ಬಿಡುಗಡೆಯಾಗಿ ಕಲ್ಲಿನ ಇಳಿಜಾರಿನ ಮೇಲೆ ಜಾರಿಕೊಂಡು ಹೋಗುತ್ತೆ, ಜಾರುವಾಗಲೇ ಬ್ಯಾಲೆನ್ಸ್‌ಗೆ ಒಂದು ಚೂರು ನೂಕು ಕೊಡುತ್ತೆ. ಅಷ್ಟರಲ್ಲಿ ಇನ್ನೊಂದು ಕಲ್ಲು ಅಡ್ಡ. ಟಿಕ್. ಈ ವಾಚು ಗಂಟೆಗೆ 18,000 ಬಡಿತದ್ದು, ಅಂದರೆ ದಿನಕ್ಕೆ 4,32,000 ಸಲ ಒಂದಲ್ಲ ಒಂದು ಹಲ್ಲು ಒಂದಲ್ಲ ಒಂದು ಕಲ್ಲಿನ ಮೇಲೆ ಜಾರುತ್ತೆ.

ಆ ಜಾರುವಿಕೆಯೇ ತೊಂದರೆ. ಉಜ್ಜಾಟ ಇದ್ದಲ್ಲಿ ಶಕ್ತಿ ಪೋಲಾಗುತ್ತೆ, ಎಣ್ಣೆ ಬೇಕಾಗುತ್ತೆ. ಕೆಲವು ವರ್ಷದ ಹಿಂದೆ ಇದೇ ವಾಚು ದಿನಕ್ಕೆ ಮೂರು ನಿಮಿಷ ಹಿಂದೆ ಬೀಳತೊಡಗಿತ್ತು. ರಿಪೇರಿ ಮಾಡಿದವರು ಬಿಚ್ಚಿ ನೋಡಿ "ಎಣ್ಣೆ ಒಣಗಿ ಅಂಟಾಗಿದೆ, ಇನ್ನೇನೂ ಆಗಿಲ್ಲ" ಅಂದಿದ್ದರು. ಆವತ್ತು ಆ ಮಾತು ಸುಮ್ನೆ ಕೇಳಿಸಿಕೊಂಡು ಬಂದಿದ್ದೆ. ಅವರು ಹೇಳಿದ್ದು ಯಾವ ಜಾಗದ ಎಣ್ಣೆ ಅಂತ ಈಗ ಗೊತ್ತಾಯಿತು.

ಈ ಲಿವರ್ ವ್ಯವಸ್ಥೆ ಇಂಗ್ಲೆಂಡಿನ ಥಾಮಸ್ ಮಡ್ಜ್ 18ನೇ ಶತಮಾನದ ನಡುವಿನಲ್ಲಿ ಕಂಡುಹಿಡಿದದ್ದು. ಇವತ್ತಿಗೂ ಹೆಚ್ಚುಕಮ್ಮಿ ಎಲ್ಲ ಮೆಕ್ಯಾನಿಕಲ್ ವಾಚುಗಳಲ್ಲಿ ಇರೋದು ಅದರ ಸುಧಾರಿಸಿದ ರೂಪ. ಬದಲಾಯಿಸಲು ಹೊರಟವರು ಬೇಕಾದಷ್ಟು ಜನ, ದಡ ಮುಟ್ಟಿದವರು ಕಮ್ಮಿ. ಹಳೆಯ ಕಾಲದ ಹೆಸರಾಂತ ವಾಚ್ ತಯಾರಕ ಬ್ರೆಗೆ ಎರಡು ಚಕ್ರ ಇಟ್ಟು ಜಾರುವಿಕೆ ಇಲ್ಲದಂತೆ ಮಾಡಲು ನೋಡಿದ, ಆದರೆ ಆ ಕಾಲದ ಲೋಹದ ಚಕ್ರಗಳು ಅದಕ್ಕೆ ಒಗ್ಗಲಿಲ್ಲ. ಇಂಗ್ಲೆಂಡಿನ ವಾಚ್ ತಯಾರಕ ಜಾರ್ಜ್ ಡೇನಿಯಲ್ಸ್ 1970ರ ದಶಕದಲ್ಲಿ ಕೋ-ಆಕ್ಸಿಯಲ್ ಅನ್ನೋ ಬೇರೆ ಬಗೆಯ ಎಸ್ಕೇಪ್‌ಮೆಂಟ್ ಕಂಡುಹಿಡಿದರು, ಸ್ವಿಸ್ ಕಂಪನಿಗಳ ಬಾಗಿಲು ತಟ್ಟುತ್ತಲೇ ಇದ್ದರು. ಕೊನೆಗೆ ಒಮೆಗಾ ಅದನ್ನು ಮಾರುಕಟ್ಟೆಗೆ ತಂದದ್ದು 1999ರಲ್ಲಿ. ಒಂದು ಒಳ್ಳೆಯ ವಿಚಾರ ಕೈಗೆ ಕಟ್ಟುವ ವಾಚಾಗಲು ಅಷ್ಟು ವರ್ಷ ಹಿಡಿಯಿತು.

ಡೈನಾಪಲ್ಸ್‌ನಲ್ಲಿ ಎರಡು ಸಿಲಿಕಾನ್ ಚಕ್ರಗಳು ಸರದಿಯ ಮೇಲೆ ನೂಕು ಕೊಡುತ್ತವೆ. ಹಲ್ಲು ಜಾರೋದಿಲ್ಲ, ಉರುಳುತ್ತೆ. ಸಿಲಿಕಾನ್ ಹಗುರ, ಅಯಸ್ಕಾಂತಕ್ಕೆ ಜಗ್ಗೋದಿಲ್ಲ. ಬಡಿತ ಜಾಸ್ತಿಯಾದರೂ ಓಡುವ ಸಮಯ ಅಷ್ಟಾಗಿ ಕಮ್ಮಿಯಾಗದೆ ಇದ್ದದ್ದು ಮುಖ್ಯವಾಗಿ ಇದರಿಂದ. ಅದೂ ಎಲ್ಲೋ ಹತ್ತೋ ಇಪ್ಪತ್ತೋ ವಾಚು ಮಾಡುವವರ ಕೈಯಲ್ಲಲ್ಲ, ಲೆಕ್ಕವಿಲ್ಲದಷ್ಟು ವಾಚು ಮಾಡುವ ಕಾರ್ಖಾನೆಯಲ್ಲಿ. ನನ್ನ ಉದ್ದದ ಪಟ್ಟಿಯಲ್ಲಿ ಇದರ ಹತ್ತಿರಕ್ಕೆ ಬರುವ ಒಂದು ಸಾಲೂ ಇರಲಿಲ್ಲ.

ರಾತ್ರಿ ಗೆಳೆಯನಿಗೆ ಫೋನ್ ಮಾಡಿ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದ. "ಅಪ್ಪನ ವಾಚಿನ ಹಲ್ಲು ಸವೆದರೆ ಯಾರಾದ್ರೂ ಕೈಯಲ್ಲೇ ಸರಿ ಮಾಡಬಹುದು. ಆ ಸಿಲಿಕಾನ್ ಚಕ್ರ ಮುರಿದರೆ? ಐವತ್ತು ವರ್ಷ ಬಿಟ್ಟು ನಿನ್ನ ಮಗಳು ಯಾರ ಹತ್ತಿರ ಹೋಗ್ತಾಳೆ ಹೇಳು." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಲಿಕಾನ್ ಬಗ್ಗೋದಿಲ್ಲ, ಅರದಿಂದ ಉಜ್ಜಿ ಸರಿ ಮಾಡೋಕೂ ಆಗೋದಿಲ್ಲ. ಕಂಪನಿ ಹೊಸದನ್ನು ಕೊಡಬೇಕು, ಅಷ್ಟೇ. ಹೊಸತನ ಬೇಕು ಅನ್ನುವವರು ಈ ಪ್ರಶ್ನೆಯನ್ನೂ ಗಟ್ಟಿಯಾಗಿ ಕೇಳಬೇಕು ಅಂತ ನನಗೆ ಈಗಲೂ ಅನ್ನಿಸುತ್ತೆ.

ಇನ್ನೊಂದು ಮಾತು. ಹೊಸ ವಾಚು ಯಾರಿಗೂ ಹಿಡಿಸದಿದ್ದಾಗ "ರಾಯಲ್ ಓಕ್ ಬಂದಾಗಲೂ ಜನ ಮೂಗು ಮುರಿದಿದ್ದರು" ಅಂತ ಒಬ್ಬರಲ್ಲ ಒಬ್ಬರು ಹೇಳುತ್ತಾರೆ. ನನಗೆ ಆ ವಾದ ಒಪ್ಪಿಗೆ ಇಲ್ಲ. ಮೂಗು ಮುರಿಸಿಕೊಂಡದ್ದೆಲ್ಲ ರಾಯಲ್ ಓಕ್ ಆಗೋದಿಲ್ಲ. ಲ್ಯಾಂಡ್-ಡ್ವೆಲ್ಲರ್ ಚೈನು ನನಗೆ ಇವತ್ತಿಗೂ ಅಷ್ಟಕ್ಕಷ್ಟೆ. ಆದರೆ ಅದೇ ಮೇಳದಲ್ಲಿ ಜಪಾನಿನ ಗ್ರ್ಯಾಂಡ್ ಸೇಕೊ (Grand Seiko) ತಂದ 'ಸ್ಪ್ರಿಂಗ್ ಡ್ರೈವ್ ಯು.ಎಫ್.ಎ.' ಅನ್ನೋ ವಾಚು ನೋಡಿ. 37 ಮಿಲಿಮೀಟರ್, ಸೆಲ್ ಇಲ್ಲ, ಸ್ಪ್ರಿಂಗಿನಿಂದಲೇ ಓಡುತ್ತೆ, ವರ್ಷಕ್ಕೆ 20 ಸೆಕೆಂಡಿಗಿಂತ ಜಾಸ್ತಿ ಆಚೀಚೆ ಆಗೋದಿಲ್ಲ ಅನ್ನುತ್ತಾರೆ. ವರ್ಷಕ್ಕೆ! ಅದೂ ಬಣ್ಣದ ಗಲಾಟೆಯಲ್ಲಿ ಬೆಳಿಗ್ಗೆ ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ.

ಭಾನುವಾರ ಗೆಳೆಯ ಮನೆಗೆ ಬಂದ. ಅಪ್ಪನ ವಾಚಿನ ಮುಚ್ಚಳ ಮತ್ತೆ ತೆಗೆದೆ. ಭೂತಗನ್ನಡಿ ಸಿಕ್ಕಿಸಿಕೊಂಡು ತುಂಬಾ ಹೊತ್ತು ಬಗ್ಗಿಯೇ ಇದ್ದ. "ಎಲ್ಲೋ, ಏನೂ ಕಾಣ್ತಾ ಇಲ್ಲ" ಅಂದ. ವಾಚನ್ನು ಚೂರು ಓರೆ ಮಾಡಿ ಹಿಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ತಲೆ ಎತ್ತದೆಯೇ "ಕೆಂಪು ಕಲ್ಲು... ಸಿಕ್ತು" ಅಂದ.