ಒಂದು ದೇಶ ಬೇಡ ಅಂದ್ರೆ ಸಾಕು

ರಾತ್ರಿ ಊಟ ಆದ್ಮೇಲೆ ಓಎಸ್‌ಸಿಇ ಬಗ್ಗೆ ಓದ್ತಾ ಕೂತಿದ್ದೆ, ಯುರೋಪಿನ ಭದ್ರತೆಗೆ ಅಂತ ವಿಯೆನ್ನಾದಲ್ಲಿರೋ ಸಂಸ್ಥೆ, 57 ದೇಶ ಮೆಂಬರು, ಎಲ್ಲರೂ ಒಪ್ಪಿದ್ರೆ ಮಾತ್ರ ತೀರ್ಮಾನ. 2014ರಿಂದ ಇವರ ವೀಕ್ಷಕರು ಉಕ್ರೇನಲ್ಲಿದ್ರು, ಎಲ್ಲಿ ಶೆಲ್ ಬಿತ್ತು, ಕದನವಿರಾಮ ಎಷ್ಟು ಸಲ ಮುರೀತು ಅಂತೆಲ್ಲ ರಿಪೋರ್ಟ್ ಬರೀತಿದ್ರು, 2022ರ ಮಾರ್ಚಲ್ಲಿ ಅದನ್ನ ಮುಂದುವರಿಸೋಕೆ ರಷ್ಯಾ ಒಪ್ಲಿಲ್ಲ, ಮಿಷನ್ ಮುಚ್ಚೇಹೋಯ್ತು. ಅಲ್ಲಿ ಕೆಲಸ ಮಾಡ್ತಿದ್ದ ಮೂವರು ಉಕ್ರೇನಿನವರನ್ನ ಏಪ್ರಿಲಲ್ಲಿ ರಷ್ಯಾ ಬೆಂಬಲದ ಪಡೆಗಳು ಹಿಡಿದು ಒಳಗೆ ಹಾಕಿದ್ವು. ಇದನ್ನ ಓದಿ ಹೊಟ್ಟೆಲ್ಲಿ ಸಂಕಟ ಆಯ್ತು, ನೋಡಿದ್ದನ್ನ ಬರೆದಿಡೋದೇ ಅವರ ಕೆಲಸ ಆಗಿತ್ತಲ್ವಾ. ಆದ್ರೂ ಎಲ್ಲ ದೇಶಗಳೂ ಕೂತು ಮಾತಾಡೋ ಆ ಮೇಜು ಮಾತ್ರ ಮುರೀಬಾರ್ದು ಅನ್ಸತ್ತೆ ನಂಗೆ. ಶೀತಲ ಸಮರದ ನಡುವೆನೇ, 1975ರಲ್ಲಿ ಹೆಲ್ಸಿಂಕಿಯಲ್ಲಿ 35 ದೇಶ ಸಹಿ ಹಾಕಿದ್ವು, ಬಲಪ್ರಯೋಗ ಮಾಡಿ ಗಡಿ ಬದಲಾಯಿಸಲ್ಲ ಅಂತ, ಈ ಸಂಸ್ಥೆಯ ಬೇರು ಇರೋದೂ ಅಲ್ಲೇ. ಅವತ್ತು ಮಾಸ್ಕೋ ಕಡೆಯಿಂದ ಸೋವಿಯತ್ ನಾಯಕ ಬ್ರೆಜ್ನೆವ್ ಅವರೇ ಬಂದು ಸಹಿ ಹಾಕಿದ್ರು.