ಪಿಕಾಯಾನ ಮಗುಚಿ ಹಾಕಿದ ದಿನ

23 ಜೂನ್ 2024, ಭಾನುವಾರ

ಬೆಳಗ್ಗೆಯಿಂದ ಜಿಟಿಜಿಟಿ ಮಳೆ, ಎಲ್ಲೂ ಹೋಗ್ಲಿಲ್ಲ, ಪಿಕಾಯಾ ಅನ್ನೋ ಪಳೆಯುಳಿಕೆ ಪ್ರಾಣಿ ಬಗ್ಗೆ ಈ ತಿಂಗಳು ಬಂದ ಸಂಶೋಧನಾ ಪೇಪರ್ ಹಿಡ್ಕೊಂಡು ಕೂತಿದ್ದೆ, ಕಾಫಿ ಎರಡು ಸಲ ಆರಿಹೋಯ್ತು.

ಕಾರ್ಡೇಟ್ (ಬೆನ್ನುದ್ದಕ್ಕೂ ಸರಳಿನಂಥ ಆಧಾರ ಇರೋ ಪ್ರಾಣಿಗಳ ಗುಂಪು, ಮೀನು, ನಾವು ಎಲ್ಲಾ ಇದರಲ್ಲೇ) ಪಾಠ ಶುರು ಮಾಡುವಾಗ ಪ್ರತಿ ವರ್ಷ ನಾನು ಮೊದ್ಲು ಬರೆಯೋ ಚಿತ್ರ ಇದೇ ಪ್ರಾಣೀದು. ಬೆರಳುದ್ದವೂ ಇಲ್ಲ, ರಿಬ್ಬನ್ ಥರ ಚಪ್ಪಟೆ ಮೈ, ತಲೆಗೆ ಎರಡು ಮೀಸೆ, ಸಿಕ್ಕಿದ್ದು ಕೆನಡಾದ ಬರ್ಜೆಸ್ ಶೇಲ್ ಕಲ್ಲಲ್ಲಿ, ವಯಸ್ಸು ಸುಮಾರು 50 ಕೋಟಿ 80 ಲಕ್ಷ ವರ್ಷ. 1911ರಲ್ಲಿ ಪಳೆಯುಳಿಕೆ ವಿಜ್ಞಾನಿ ವಾಲ್ಕಾಟ್ ಇದನ್ನ ಹುಳು ಅಂತ ಬರೆದಿದ್ರು. 1970ರ ದಶಕದ ಕೊನೆಗೆ ಇನ್ನೊಬ್ಬ ವಿಜ್ಞಾನಿ ಕಾನ್ವೇ ಮಾರಿಸ್, ಅಲ್ಲ ಇದು ಕಾರ್ಡೇಟ್ ಅಂದ್ರು, ಯಾಕಂದ್ರೆ ಮೀನು ಬೇಯಿಸಿದಾಗ ಪದರ ಪದರವಾಗಿ ಬಿಡಿಸಿಕೊಳ್ಳುತ್ತಲ್ಲ, ಆ ಥರದ್ದೇ ಸ್ನಾಯು ಕಟ್ಟು ಇದರ ಮೈಯುದ್ದಕ್ಕೂ ಇದೆ. 2012ರಲ್ಲಿ ಅವರೂ ಕ್ಯಾರನ್ ಅನ್ನೋ ವಿಜ್ಞಾನಿಯೂ ಸೇರಿ 114 ಮಾದರಿ ನೋಡಿ ವಿವರವಾಗಿ ಬರೆದ್ರು. ಆದ್ರೂ ಬೆನ್ನಿನ ಉದ್ದಕ್ಕೂ ಇದ್ದ ಒಂದು ದಪ್ಪ ಕೊಳವೆ ಏನು ಅಂತ ಬಗೆಹರೀಲಿಲ್ಲ, ಅಂಥದ್ದು ಬೇರೆ ಯಾವ ಕಾರ್ಡೇಟಲ್ಲೂ ಇಲ್ಲ. ಮಕ್ಕಳು ಕೇಳಿದ್ರೆ ಡಾರ್ಸಲ್ ಆರ್ಗನ್, ಅಂದ್ರೆ ಬೆನ್ನಿನ ಅಂಗ, ಅಂತ ಹೆಸರು ಹೇಳ್ತಿದ್ದೆ, ಅಷ್ಟೇ.

ಈಗ ಈ ಹೊಸ ಪೇಪರಲ್ಲಿ ಮುಸ್ಸಿನಿ ಮತ್ತೆ ಅವರ ಜೊತೆಯವರು ಪ್ರಾಣೀನೇ ಮಗುಚಿ ನೋಡಿ ಅಂತಿದ್ದಾರೆ. ಮಗುಚಿದ್ರೆ ಆ ಕೊಳವೆ ಹೊಟ್ಟೆ ಕಡೆ ಬರುತ್ತೆ, ಅದು ಕರುಳು! ಹೊಟ್ಟೆ ಕಡೆಯ ರಕ್ತನಾಳ ಅಂದ್ಕೊಂಡಿದ್ದ ಗೆರೆ ಬೆನ್ನಿಗೆ ಹೋಗುತ್ತೆ, ಅದು ನರದ ಹುರಿ. ಬೆನ್ನಲ್ಲಿ ನರ, ಕೆಳಗೆ ಕರುಳು, ನಮ್ಮ ನಿಮ್ಮ ಮೈ ಇರೋದೇ ಹಾಗೆ. ನೂರು ವರ್ಷಕ್ಕೂ ಮೇಲೆ ಎಲ್ಲರೂ ಅದನ್ನ ತಲೆಕೆಳಗಾಗಿ ನೋಡ್ತಿದ್ರು ಅನ್ನೋ ಮಾತು ಓದಿ ಮೈ ಜುಂ ಅಂತು. (ಹುಳ ಸೀಗಡಿಗಳ ಮೈಯನ್ನ ಮಗುಚಿದ್ರೆ ನಮ್ಮ ಮೈ ಥರ ಇರುತ್ತೆ ಅಂತ 1822ರಲ್ಲೇ ಫ್ರೆಂಚ್ ಪ್ರಾಣಿವಿಜ್ಞಾನಿ ಜೆಫ್ರಾ ಸೇಂಟ್ ಇಲೇರ್ ಹೇಳಿದ್ದು ನೆನಪಾಯ್ತು.)

ಆದ್ರೆ ಹಿಂದಿನವರದ್ದು ತಪ್ಪು ಅಂತ ಕೀಳಾಗಿ ನೋಡೋಕೆ ನಂಗೆ ಮನಸ್ಸಿಲ್ಲ. ಎಲುಬಿಲ್ಲ, ಚಿಪ್ಪಿಲ್ಲ, ಬರೀ ಮೆತ್ತನೆ ಮೈ, ಅದೂ ಕೆಸರಲ್ಲಿ ಕೊಳೀತಾ ಕೊಳೀತಾ ಕಲ್ಲಾಗಿದ್ದು. 2010ರಲ್ಲಿ ಸ್ಯಾನ್ಸಮ್, ಗ್ಯಾಬಟ್, ಪರ್ನೆಲ್ ಮೂವರೂ ಆಂಫಿಯಾಕ್ಸಸ್ (ಮೀನಿನ ಥರದ ಪುಟ್ಟ ಕಡಲ ಕಾರ್ಡೇಟ್) ಮತ್ತೆ ಲ್ಯಾಂಪ್ರಿ (ದವಡೆ ಇಲ್ಲದ ಮೀನು) ಮರಿಗಳನ್ನ ಬೇಕಂತಲೇ ಕೊಳೆಯೋಕೆ ಬಿಟ್ಟು, ಯಾವುದು ಯಾವಾಗ ಹೋಗುತ್ತೆ ಅಂತ ಬರ್ಕೊಂಡ್ರು, ಆ ನಾತದಲ್ಲಿ ಕೂತು ಮಾಡಿದ ಕೆಲಸ ನಂಗೆ ಬಹಳ ಇಷ್ಟ. ಇದು ಯಾವ ಗುಂಪಿನ ಪ್ರಾಣಿ ಅಂತ ಖಚಿತವಾಗಿ ಹೇಳೋ ಗುರುತುಗಳೇ ಬೇಗ ಕೊಳೆತು ಹೋಗ್ತವೆ, ಎಲ್ಲಾ ಕಾರ್ಡೇಟಲ್ಲೂ ಇರೋ ನೋಟೊಕಾರ್ಡ್ (ಬೆನ್ನಿನ ಆ ಸರಳು), ಸ್ನಾಯು ಕಟ್ಟು ಇಂಥವು ಉಳೀತವೆ. ಅಂದ್ರೆ ಕೊಳೆತಷ್ಟೂ ಪ್ರಾಣಿ ವಂಶವೃಕ್ಷದಲ್ಲಿ ತನ್ನ ನಿಜವಾದ ಜಾಗಕ್ಕಿಂತ ಹಳೇ ಕೊಂಬೆಗೆ ಸೇರಿದ್ದು ಅನ್ನೋ ಹಾಗೆ ಕಾಣುತ್ತೆ. ಚೀನಾದ ಚೆಂಗ್‌ಜಿಯಾಂಗ್‌ನಲ್ಲಿ ಸಿಕ್ಕಿ 1999ರಲ್ಲಿ ಹೆಸರು ಪಡೆದ ಹೈಕೌಇಕ್ತಿಸ್ ಅನ್ನೋ ಇನ್ನೊಂದು ಪಳೆಯುಳಿಕೆ ಪಿಕಾಯಾಗಿಂತ ಒಂದು ಕೋಟಿ ವರ್ಷ ಹಿರಿದು, ಆದ್ರೂ ಹೆಚ್ಚು ಮೀನಿನ ಥರ ಇದೆ, ಅದನ್ನೂ ಇನ್ಮೇಲೆ ಇದೇ ಕಣ್ಣಲ್ಲಿ ನೋಡ್ಬೇಕು.

ನಾಳೆ ಮೊದಲ ಪೀರಿಯಡ್ ನಂದೇ. ಹಳೇ ಚಾರ್ಟಲ್ಲಿ ಡಾರ್ಸಲ್ ಆರ್ಗನ್ ಅಂತ ಬರೆದಿದ್ದ ಕಡೆ ಬಿಳಿ ಕಾಗದ ಅಂಟಿಸಿ ಕರುಳು ಅಂತ ಬರೆದಿದ್ದೀನಿ, ಗೋಂದು ಇನ್ನೂ ಒಣಗಿಲ್ಲ.